ದಂಡದ ಚೀಟಿ ಕೈಗೆ ಬಂದಾಗ: ಓದುವ, ಉತ್ತರಿಸುವ, ಕಟ್ಟುವ ಕ್ರಮ

ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಕೈಚೀಲ ಸಿಕ್ಕಿತೆಂದು ಸ್ಥಳದಲ್ಲೇ ಹರಿದುಕೊಟ್ಟ ಚೀಟಿ, ವಿನೋಬನಗರದ ಮನೆಯೊಂದರ ಮೇಲಂತಸ್ತಿನ ವಿಚಾರವಾಗಿ ಬಾಗಿಲಿಗೆ ಅಂಟಿಸಿದ ನೋಟಿಸು, ತೀರ್ಥಹಳ್ಳಿ ಕಡೆಯ ಗ್ರಾಮ ಪಂಚಾಯಿತಿಯೊಂದು ರಸ್ತೆಬದಿಗೆ ಅಡಿಕೆ ಸಿಪ್ಪೆ ಸುರಿದವರಿಗೆ ಕಳುಹಿಸಿದ ಪತ್ರ, ಈ ಮೂರನ್ನೂ ಜನ ಒಂದೇ ಮಾತಿನಲ್ಲಿ ‘ದಂಡ ಹಾಕಿದರು’ ಎಂದು ಹೇಳುತ್ತಾರೆ. ಕಾನೂನಿನ ಪ್ರಕಾರ ಇವು ಮೂರೂ ಬೇರೆ ಬೇರೆ. ಮೊದಲನೆಯದು ಹಣ ಕಟ್ಟಿಸಿಕೊಂಡದ್ದಕ್ಕೆ ಕೊಟ್ಟ ರಸೀದಿ. ಎರಡನೆಯದು ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ ಪ್ರಶ್ನೆ. ಮೂರನೆಯದು ಬರಿಯ ಎಚ್ಚರಿಕೆಯೂ ಆಗಿರಬಹುದು, ಆದೇಶವೂ ಆಗಿರಬಹುದು. ಕೈಗೆ ಬಂದ ಕಾಗದ ಇವುಗಳಲ್ಲಿ ಯಾವುದೆಂದು ಗುರುತಿಸುವ ಮೊದಲೇ ಹಣ ಕಟ್ಟಲು ಓಡುವವರೂ ಇದ್ದಾರೆ, ಕಾಗದವನ್ನು ಡ್ರಾಯರಿಗೆ ಹಾಕಿ ಮರೆಯುವವರೂ ಇದ್ದಾರೆ. ಎರಡನೆಯ ಗುಂಪಿನವರಿಗೇ ಹೆಚ್ಚು ನಷ್ಟವಾಗುತ್ತದೆ, ಏಕೆಂದರೆ ಉತ್ತರಿಸದೆ ಬಿಟ್ಟ ನೋಟಿಸು ಗಡುವು ಮುಗಿದ ಮೇಲೆ ಆದೇಶವಾಗಿ ಹಿಂತಿರುಗುತ್ತದೆ.

ಯಾವ ಕಚೇರಿ, ಯಾವ ಕಾಯ್ದೆ

ಮೊದಲು ನೋಡಬೇಕಾದದ್ದು ನಿಮ್ಮ ಜಾಗ ಯಾವ ಸಂಸ್ಥೆಯ ವ್ಯಾಪ್ತಿಯಲ್ಲಿದೆ ಎಂಬುದನ್ನು. 2013ರಲ್ಲಿ ಮಹಾನಗರ ಪಾಲಿಕೆಯಾದ ಶಿವಮೊಗ್ಗ ನಗರಕ್ಕೆ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಕಾಯ್ದೆ ಅನ್ವಯಿಸುತ್ತದೆ. ಭದ್ರಾವತಿ ಮತ್ತು ಸಾಗರದ ನಗರಸಭೆಗಳು, ಶಿಕಾರಿಪುರದ ಪುರಸಭೆ, ತೀರ್ಥಹಳ್ಳಿ ಮತ್ತು ಹೊಸನಗರದ ಪಟ್ಟಣ ಪಂಚಾಯಿತಿಗಳು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಬರುತ್ತವೆ. ಹಳ್ಳಿಗಳಲ್ಲಿ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ನಡೆಯುತ್ತದೆ. ಆದ್ದರಿಂದ ಉತ್ತರವನ್ನು ಪಾಲಿಕೆಯಲ್ಲಿ ಆಯುಕ್ತರಿಗೆ, ನಗರಸಭೆಯಲ್ಲಿ ಪೌರಾಯುಕ್ತರಿಗೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿಗೆ, ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅವರಿಗೆ ಬರೆಯಬೇಕಾಗುತ್ತದೆ. ಊರಂಚಿನ ಬಡಾವಣೆಗಳಲ್ಲಿ ಇರುವವರು ಇದನ್ನು ಖಚಿತಪಡಿಸಿಕೊಳ್ಳಲೇಬೇಕು, ಏಕೆಂದರೆ ಅಲ್ಲಿ ಒಂದೇ ರಸ್ತೆಯ ಒಂದು ಬದಿ ಪಾಲಿಕೆಗೂ ಇನ್ನೊಂದು ಬದಿ ಪಂಚಾಯಿತಿಗೂ ಸೇರಿರುವುದುಂಟು. ತೆರಿಗೆ ಕಟ್ಟಿದ ಹಳೆಯ ರಸೀದಿಯ ಮೇಲಿರುವ ಕಚೇರಿಯ ಹೆಸರೇ ಇದಕ್ಕೆ ಸುಲಭವಾದ ಸಾಕ್ಷಿ. ವಾಹನ ನಿಲುಗಡೆ, ಹೆಲ್ಮೆಟ್ ಮುಂತಾದವುಗಳಿಗೆ ಸಂಚಾರ ಪೊಲೀಸರು ಹಾಕುವ ದಂಡ ಬೇರೆಯ ಕಾಯ್ದೆಗೆ ಸೇರಿದ್ದು, ಅದರ ವಿಚಾರ ಇಲ್ಲಿಲ್ಲ.

ಸ್ಥಳೀಯ ಸಂಸ್ಥೆಯ ದಂಡಕ್ಕೆ ಎರಡು ಮೂಲಗಳಿವೆ. ಒಂದು, ಆ ಸಂಸ್ಥೆಯೇ ಮಾಡಿಕೊಂಡ ಉಪವಿಧಿ, ಅಂದರೆ ಬೈಲಾ. ಇದರ ಕರಡನ್ನು ಪ್ರಕಟಿಸಿ, ಸಾರ್ವಜನಿಕರಿಂದ ಆಕ್ಷೇಪಣೆ ಕರೆದು, ಸರ್ಕಾರದ ಮಂಜೂರಾತಿ ಪಡೆದ ಮೇಲೆ ಮಾತ್ರ ಅದಕ್ಕೆ ಬಲ ಬರುತ್ತದೆ. ಸಭೆಯಲ್ಲಿ ಠರಾವು ಮಾಡಿ ಮರುದಿನವೇ ಬೀದಿಯಲ್ಲಿ ವಸೂಲಿಗೆ ಇಳಿಯುವಂತಿಲ್ಲ. ಇನ್ನೊಂದು, ರಾಜ್ಯ ಅಥವಾ ಕೇಂದ್ರದ ಕಾನೂನನ್ನು ಸ್ಥಳೀಯ ಅಧಿಕಾರಿಗಳು ಜಾರಿ ಮಾಡುವುದು. ಪ್ಲಾಸ್ಟಿಕ್, ತಂಬಾಕು, ಕಸ ವಿಂಗಡಣೆ ಇವೆಲ್ಲ ಬಹುಮಟ್ಟಿಗೆ ಈ ಎರಡನೆಯ ಬಗೆಯವು. ‘ನಿಮ್ಮ ಬೈಲಾ ತೋರಿಸಿ’ ಎಂದಷ್ಟೇ ವಾದ ಹೂಡುವವರು ಇಲ್ಲಿ ಸೋಲುತ್ತಾರೆ, ಏಕೆಂದರೆ ಅಧಿಕಾರಿಯ ಕೈಯಲ್ಲಿರುವುದು ಸರ್ಕಾರದ ಅಧಿಸೂಚನೆಯಾಗಿರುತ್ತದೆ.

ನೋಟಿಸನ್ನು ಓದುವುದು

ನಮ್ಮ ಕಚೇರಿಗಳ ನೋಟಿಸುಗಳು ಒಂದೇ ಅಚ್ಚಿನವು. ಮೇಲೆ ಕಡತದ ಸಂಖ್ಯೆ ಮತ್ತು ದಿನಾಂಕ, ಅದರ ಕೆಳಗೆ ‘ವಿಷಯ’, ಆಮೇಲೆ ‘ಉಲ್ಲೇಖ’, ನಂತರ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಹೊರಡುವ ಉದ್ದನೆಯ ವಾಕ್ಯ, ಕೊನೆಯಲ್ಲಿ ‘ತಪ್ಪಿದಲ್ಲಿ ನಿಯಮಾನುಸಾರ ಕ್ರಮ ಜರುಗಿಸಲಾಗುವುದು’ ಎಂಬ ಸಾಲು. ಹೆಚ್ಚಿನವರು ಕೊನೆಯ ಸಾಲನ್ನು ಓದಿ ಹೆದರುತ್ತಾರೆ. ಹೆದರುವ ಬದಲು ‘ಉಲ್ಲೇಖ’ವನ್ನು ಓದಬೇಕು. ಇಂಥ ದಿನಾಂಕದ ಸ್ಥಳ ಪರಿಶೀಲನಾ ವರದಿ, ಇಂಥವರ ದೂರು, ಇಂಥ ಕಾಯ್ದೆಯ ಇಂಥ ಕಲಂ ಎಂದು ಪ್ರಕರಣದ ಮೂಲವೆಲ್ಲ ಅಲ್ಲೇ ಇರುತ್ತದೆ. ಉಲ್ಲೇಖದಲ್ಲಿ ಹೆಸರಿಸಿದ ವರದಿಯ ಪ್ರತಿಯನ್ನು ಕೇಳುವುದೇ ನಿಮ್ಮ ಮೊದಲ ಕೆಲಸ. ‘ತಪ್ಪಿದಲ್ಲಿ’ ಎಂಬ ಮಾತಿದ್ದರೆ ಇನ್ನೂ ತೀರ್ಮಾನವಾಗಿಲ್ಲ, ನಿಮ್ಮ ಸಮಜಾಯಿಷಿಗೆ ಅವಕಾಶವಿದೆ ಎಂದು ತಿಳಿಯಬಹುದು. ‘ಆದೇಶಿಸಲಾಗಿದೆ’ ಎಂದಿದ್ದರೆ ತೀರ್ಮಾನ ಆಗಿದೆ, ಉಳಿದಿರುವುದು ಮೇಲ್ಮನವಿ.

ಆಸ್ತಿಯ ಸಂಖ್ಯೆ, ವಾರ್ಡು, ಮಾಲೀಕರ ಹೆಸರು ಸರಿಯಾಗಿವೆಯೇ ಎಂದು ನೋಡಿ. ತೀರಿಹೋದ ಅಜ್ಜನ ಹೆಸರಿಗೆ ನೋಟಿಸು ಬರುವುದು ಮಲೆನಾಡಿನಲ್ಲಿ ತೀರಾ ಸಾಮಾನ್ಯ, ಏಕೆಂದರೆ ಪಾಲಾಗದ ಮನೆಗಳ ಖಾತೆ ಬದಲಾವಣೆಯನ್ನು ನಾವು ವರ್ಷಗಟ್ಟಲೆ ಮುಂದೂಡುತ್ತೇವೆ. ಹೆಸರು ತಪ್ಪಾಗಿದೆ ಎಂದು ನೋಟಿಸನ್ನು ನಿರಾಕರಿಸಿದರೆ ವಿಷಯ ಮುಗಿಯುವುದಿಲ್ಲ; ವಾರಸುದಾರರೆಂದು ಹೇಳಿಕೊಂಡು, ಹೆಸರಿನ ತಪ್ಪನ್ನೂ ಎತ್ತಿ ತೋರಿಸಿ ಉತ್ತರಿಸುವುದೇ ಕ್ಷೇಮ.

ನೋಟಿಸು ತಲುಪಿದ ದಿನಾಂಕವನ್ನು ಅದರ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ, ಅಂಚೆಯಲ್ಲಿ ಬಂದಿದ್ದರೆ ಲಕೋಟೆಯನ್ನೂ ಇಟ್ಟುಕೊಳ್ಳಿ. ಉತ್ತರದ ಗಡುವು, ಮೇಲ್ಮನವಿಯ ಗಡುವು ಎರಡನ್ನೂ ಸಾಮಾನ್ಯವಾಗಿ ಆ ದಿನದಿಂದ ಎಣಿಸಬೇಕಾಗುತ್ತದೆ. ಬಾಗಿಲಿಗೋ ಗೋಡೆಗೋ ಅಂಟಿಸಿ ಹೋಗಿದ್ದರೆ ಕೂಡಲೇ ಫೋಟೊ ತೆಗೆಯಬೇಕು, ಏಕೆಂದರೆ ಆಷಾಢದ ಮಳೆಗೆ ಹೊರಗೋಡೆಯ ಕಾಗದ ಒಂದು ದಿನವೂ ನಿಲ್ಲುವುದಿಲ್ಲ.

ಸ್ಥಳದಲ್ಲೇ ಹಾಕುವ ದಂಡ

ಕಸ ಎಸೆದವರಿಗೆ ಸ್ಥಳದಲ್ಲೇ ದಂಡ ವಿಧಿಸುವ ಮಾನದಂಡಗಳನ್ನು ಉಪವಿಧಿಯಲ್ಲಿ ನಿಗದಿಪಡಿಸಿಕೊಳ್ಳುವಂತೆ ಸ್ಥಳೀಯ ಸಂಸ್ಥೆಗಳಿಗೆ ಹೇಳಿದ್ದು 2016ರ ಘನ ತ್ಯಾಜ್ಯ ನಿರ್ವಹಣಾ ನಿಯಮಗಳು. ಹೀಗೆ ದಂಡ ಕೇಳಲು ಬರುವವರು ಸಾಮಾನ್ಯವಾಗಿ ಆರೋಗ್ಯ ನಿರೀಕ್ಷಕರು ಅಥವಾ ಪರಿಸರ ಅಭಿಯಂತರರು. ಗುರುತಿನ ಚೀಟಿ ತೋರಿಸಲು ವಿನಯದಿಂದ ಕೇಳಿ. ಎಷ್ಟು ಹಣ, ಯಾವ ನಿಯಮದಡಿ, ಯಾವ ದಿನ ಎಂದು ನಮೂದಿಸಿದ, ಮುದ್ರಿತ ಕ್ರಮಸಂಖ್ಯೆಯಿರುವ ರಸೀದಿ ಸಿಗದೆ ಹಣ ಕೊಡಬೇಡಿ. ಮೊಬೈಲಿನಲ್ಲಿ ಪಾವತಿಸುವುದಾದರೆ ಪರದೆಯ ಮೇಲೆ ಸಂಸ್ಥೆಯ ಖಾತೆಯ ಹೆಸರು ಬರುತ್ತದೆಯೋ, ಯಾರೋ ಒಬ್ಬರ ಸ್ವಂತ ಹೆಸರು ಬರುತ್ತದೆಯೋ ನೋಡಿಕೊಂಡೇ ಗುಂಡಿ ಒತ್ತಿ.

ತಪ್ಪು ನಡೆದಿರುವುದು ನಿಜವಾಗಿದ್ದು ಮೊತ್ತವೂ ಚಿಕ್ಕದಾಗಿದ್ದರೆ ಕಟ್ಟಿ ಮುಗಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡರು ಸಿಗುವುದೇ ಕಷ್ಟವಾಗಿರುವ ಅಡಿಕೆ ಕೊಯ್ಲಿನ ದಿನಗಳಲ್ಲಿ ಒಂದು ಚೀಟಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಲೆಕ್ಕಕ್ಕೆ ಕೂಡುವ ಮಾತಲ್ಲ. ಅಂಗಡಿಯವರು ಮಾತ್ರ ಇನ್ನೊಂದು ವಿಚಾರವನ್ನು ತೂಗಿ ನೋಡಬೇಕು. ಪದೇ ಪದೇ ಬಿದ್ದ ದಂಡ ಉದ್ದಿಮೆ ಪರವಾನಗಿಯ ಕಡತಕ್ಕೆ ಸೇರಿ, ನವೀಕರಣದ ಹೊತ್ತಿಗೆ ತಲೆಯೆತ್ತಬಹುದು. ತಪ್ಪು ನಿಮ್ಮದಲ್ಲವೆಂದಾದರೆ ‘ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ’ ಎಂದು ಕಚೇರಿಯ ಪ್ರತಿಯ ಮೇಲೆ ಬರೆದು ಸಹಿ ಹಾಕಿ, ಎರಡು ಮೂರು ದಿನಗಳಲ್ಲಿ ಅದೇ ಮಾತನ್ನು ಪತ್ರದಲ್ಲಿ ಕಳುಹಿಸಿ. ಕಟ್ಟುವುದಿಲ್ಲವೆಂದು ಹೇಳುವ ಹಕ್ಕೂ ಇದೆ. ಆಗ ಅಧಿಕಾರಿ ವರದಿ ಬರೆದು, ನೋಟಿಸು ಕೊಟ್ಟು, ಬೇಕಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕಾಗುತ್ತದೆ. ಬಾಯಿಮಾತಿನ ನಿರಾಕರಣೆ ತಳ್ಳಾಟಕ್ಕೆ ತಿರುಗಿದರೆ ನೂರಾರು ರೂಪಾಯಿಯ ಪ್ರಕರಣ ಸರ್ಕಾರಿ ಕರ್ತವ್ಯಕ್ಕೆ ಅಡ್ಡಿಪಡಿಸಿದ ಪ್ರಕರಣವಾಗುತ್ತದೆ ಎಂಬುದನ್ನು ಮರೆಯಬಾರದು.

ರಸೀದಿಯಿಲ್ಲದೆ ‘ಅರ್ಧ ಕೊಡಿ, ಬಿಡ್ತೀವಿ’ ಎನ್ನುವ ಮಾತು ಬಂದರೆ ಅದು ದಂಡವಲ್ಲ, ಲಂಚ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆ ಇದೆ. ರಾಜ್ಯದಲ್ಲಿ ಇಂಥ ದೂರುಗಳನ್ನು ಲೋಕಾಯುಕ್ತ ಪೊಲೀಸರು ತೆಗೆದುಕೊಳ್ಳುತ್ತಾರೆ.

ಪ್ಲಾಸ್ಟಿಕ್, ಕಸ, ಹೊಗೆ

ವ್ಯಾಪಾರಿಗಳು ಹೆಚ್ಚಾಗಿ ಎಡವುವುದು ‘120 ಮೈಕ್ರಾನ್’ ಎಂಬ ದಪ್ಪದ ಲೆಕ್ಕದಲ್ಲಿ. ಕೇಂದ್ರದ ನಿಯಮ 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಕೈಚೀಲಗಳನ್ನು ನಿಷೇಧಿಸಿದೆ, ಆದ್ದರಿಂದ ಅದಕ್ಕಿಂತ ದಪ್ಪದ ಚೀಲ ಮಾರಬಹುದು ಎಂದು ಸರಬರಾಜುದಾರರು ನಂಬಿಸುತ್ತಾರೆ. ಆದರೆ ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದು ಹೊರಡಿಸಿದ ಅಧಿಸೂಚನೆ ಎಷ್ಟೇ ದಪ್ಪವಿದ್ದರೂ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ. ಫ್ಲೆಕ್ಸ್, ಬಂಟಿಂಗ್ಸ್, ಪ್ಲಾಸ್ಟಿಕ್ ತಟ್ಟೆ ಲೋಟಗಳೂ ಆ ಪಟ್ಟಿಯಲ್ಲಿವೆ. ಹಾಲಿನ ಪೊಟ್ಟಣಕ್ಕೆ, ಸಸಿಮಡಿಯ ಚೀಲಗಳಿಗೆ ವಿನಾಯಿತಿಯಿದೆ. ಹೀಗಿರುವಾಗ ದಪ್ಪದ ವಾದ ಇಲ್ಲಿ ನಡೆಯದು. ಮದುವೆ, ಗೃಹಪ್ರವೇಶಗಳಿಗೆ ಅಡಿಕೆ ಹಾಳೆಯ ತಟ್ಟೆ ಬೇಕಾದಷ್ಟು ಸಿಗುವ ನಮ್ಮ ಸೀಮೆಯಲ್ಲಿ ಪ್ಲಾಸ್ಟಿಕ್ ತಟ್ಟೆಗಾಗಿ ದಂಡ ಕಟ್ಟುವುದು ವಿಚಿತ್ರವೇ ಸರಿ.

ಕಸಕ್ಕೆ ಬೆಂಕಿ ಹಚ್ಚುವುದನ್ನು ಹಲವರು ತಪ್ಪೆಂದೇ ಎಣಿಸುವುದಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಿನಲ್ಲಿ ತ್ಯಾಜ್ಯ ಸುಡುವವರಿಗೆ 5,000 ರೂಪಾಯಿ, ಭಾರೀ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಸರ ಪರಿಹಾರ ವಸೂಲು ಮಾಡುವಂತೆ ಆದೇಶಿಸಿದೆ. ಅಡಿಕೆ ಸಿಪ್ಪೆಯ ವಿಚಾರ ಬಂದಾಗ, ಅದನ್ನು ಸ್ವಂತ ತೋಟದಲ್ಲಿ ಗೊಬ್ಬರಕ್ಕೆ ಹಾಕುವುದರ ಬಗ್ಗೆ ಯಾರ ತಕರಾರೂ ಇಲ್ಲ. ಸುಲಿದ ರಾಶಿಯನ್ನು ರಾತ್ರಿ ಟ್ರ್ಯಾಕ್ಟರಿನಲ್ಲಿ ತಂದು ರಸ್ತೆಬದಿಯ ಚರಂಡಿಗೋ ಹಳ್ಳಕ್ಕೋ ಸುರಿಯುವುದರ ಬಗ್ಗೆ ಇದೆ, ಏಕೆಂದರೆ ಮಳೆ ಹಿಡಿದ ಮೇಲೆ ಅದು ಕೊಳೆತು, ಮೋರಿ ಕಟ್ಟಿ, ನೀರು ರಸ್ತೆಗೆ ಹರಿಯುತ್ತದೆ. ಇಂಥ ನೋಟಿಸು ಬಂದರೆ ವಾದ ಮಾಡುವುದಕ್ಕಿಂತ ಮೊದಲು ಸಿಪ್ಪೆ ತೆಗೆಸಿ, ಮೊದಲಿನ ಮತ್ತು ಅನಂತರದ ಫೋಟೊಗಳನ್ನು ಉತ್ತರದ ಜೊತೆ ಕೊಡಿ. ಬೇರೆಯವರು ನಿಮ್ಮ ಜಾಗದ ಮುಂದೆ ಸುರಿದಿದ್ದರೆ ಅದನ್ನೂ ಅಲ್ಲೇ ಬರೆಯಿರಿ.

ಸಾರ್ವಜನಿಕ ಸ್ಥಳದಲ್ಲಿ ಧೂಮಪಾನಕ್ಕೆ ಬಹುಕಾಲ 200 ರೂಪಾಯಿಯವರೆಗಿದ್ದ ದಂಡ, ತಂಬಾಕು ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ 1,000 ರೂಪಾಯಿಗೆ ಏರಿದೆ. ತಂಬಾಕು ಅಗಿದು ಉಗುಳುವುದೂ ಅದರೊಳಗೆ ಸೇರಿದೆ.

ಬೀದಿ ವ್ಯಾಪಾರಿಗಳಿಗೆ

ತಳ್ಳುಗಾಡಿ, ಬುಟ್ಟಿ ವ್ಯಾಪಾರದವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆಯಿದೆ. ಜಾಗ ಬಿಡಿಸಲು 30 ದಿನಗಳ ನೋಟಿಸು ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಅದರ ಪಟ್ಟಿ ಮಾಡಿ, ಅಧಿಕಾರಿಯ ಸಹಿಯಿರುವ ಪ್ರತಿಯನ್ನು ವ್ಯಾಪಾರಿಗೆ ಅಲ್ಲೇ ಕೊಡಬೇಕು. ನಿಗದಿತ ಶುಲ್ಕ ಕಟ್ಟಿ ಕೇಳಿದಾಗ ಹಣ್ಣು, ಸೊಪ್ಪು, ಹೂವಿನಂಥ ಕೆಡುವ ಮಾಲನ್ನು ಅದೇ ದಿನ, ಕೆಡದ ಮಾಲನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಪಟ್ಟಿಯಿಲ್ಲದೆ ತಕ್ಕಡಿ, ಬುಟ್ಟಿ ಲಾರಿಗೆ ಏರಿದರೆ ಆಮೇಲೆ ಏನು ಹೋಯಿತೆಂದು ಹೇಳಲು ಸಾಕ್ಷಿಯಿರುವುದಿಲ್ಲ. ಆದ್ದರಿಂದ ವಾದಕ್ಕೆ ನಿಲ್ಲುವ ಮೊದಲು ಪಟ್ಟಿ ಕೇಳಿ.

ಕಟ್ಟಡದ ನೋಟಿಸು

ಇಲ್ಲಿ ತಡಮಾಡಿದರೆ ಹೋಗುವುದು ಸೂರು. ಪಾಲಿಕೆ ವ್ಯಾಪ್ತಿಯಲ್ಲಿ ಪರವಾನಗಿಯಿಲ್ಲದೆ ಅಥವಾ ಮಂಜೂರಾದ ನಕ್ಷೆಯನ್ನು ಮೀರಿ ಕಟ್ಟಿದ್ದಕ್ಕೆ 1976ರ ಕಾಯ್ದೆಯ 321ನೇ ಕಲಮಿನಡಿ ಮೊದಲು ತಾತ್ಕಾಲಿಕ ಆದೇಶವೂ, ಅದನ್ನೇಕೆ ಸ್ಥಿರೀಕರಿಸಬಾರದು ಎಂದು ಕಾರಣ ಕೇಳುವ ನೋಟಿಸೂ ಬರುತ್ತವೆ. ಉತ್ತರ ಒಪ್ಪಿಗೆಯಾಗದಿದ್ದರೆ ಅದೇ ಕಲಮಿನ 3ನೇ ಉಪಕಲಮಿನಡಿ ಸ್ಥಿರೀಕರಣ ಆದೇಶ ಹೊರಡುತ್ತದೆ. ಆ ಆದೇಶದ ವಿರುದ್ಧ 443ಎ ಕಲಮಿನಂತೆ 30 ದಿನಗಳೊಳಗೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಗ್ರಾಮ ಪಂಚಾಯಿತಿಯ ಮೂಲ ಆದೇಶವಾದರೆ 1993ರ ಕಾಯ್ದೆಯ 269ನೇ ಕಲಮಿನಡಿ, 30 ದಿನಗಳೊಳಗೆ, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು.

ಇದರ ಮೇಲೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಕಟ್ಟಡ ಕೆಡವುವ ವಿಚಾರದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿದೆ. ನೋಟಿಸಿಗೆ ಉತ್ತರಿಸಲು ಸ್ಥಳೀಯ ಕಾಯ್ದೆ ಕೊಟ್ಟ ಅವಧಿ ಅಥವಾ 15 ದಿನ, ಇವೆರಡರಲ್ಲಿ ಹೆಚ್ಚಿನದನ್ನು ಕೊಡಬೇಕು. ನೋಟಿಸು ನೋಂದಾಯಿತ ಅಂಚೆಯಲ್ಲೂ ಬರಬೇಕು, ಕಟ್ಟಡದ ಮೇಲೂ ಅಂಟಿಸಿರಬೇಕು. ಖುದ್ದು ವಿಚಾರಣೆ ನಡೆಯಬೇಕು. ಅಂತಿಮ ಆದೇಶದ ನಂತರವೂ 15 ದಿನ ಕೆಡವುವಂತಿಲ್ಲ. ಆದರೆ ರಸ್ತೆ, ಕಾಲುದಾರಿ, ನದಿ, ಕೆರೆಗಳನ್ನು ಒತ್ತಿ ಕಟ್ಟಿದ್ದಕ್ಕೆ ಈ ರಕ್ಷಣೆ ಇಲ್ಲ. ತುಂಗೆಯ ದಂಡೆಯಲ್ಲೋ ರಾಜಕಾಲುವೆಯ ಮೇಲೋ ಚಪ್ಪಡಿ ಹಾಕಿಕೊಂಡವರು ಈ ತೀರ್ಪನ್ನು ನೆಚ್ಚಿಕೊಳ್ಳುವಂತಿಲ್ಲ. ‘ಇಷ್ಟು ವರ್ಷ ತೆರಿಗೆ ಕಟ್ಟಿದ್ದೇವೆ’ ಎಂಬ ವಾದವೂ ನಿಲ್ಲುವುದಿಲ್ಲ. ತೆರಿಗೆ ಕಟ್ಟಿದ ಮಾತ್ರಕ್ಕೆ ಅನಧಿಕೃತ ಕಟ್ಟಡ ಸಕ್ರಮವಾಗದು. ಕಟ್ಟಡದ ಅಂತಿಮ ಆದೇಶ ಬಂದಾಗ ವಕೀಲರನ್ನು ಕಾಣಿ. ಮಿಕ್ಕವುಗಳಿಗೆ ಸ್ವಂತ ಪತ್ರವೇ ಸಾಕು.

ಉತ್ತರ ಬರೆಯುವುದು

ಪತ್ರ ಒಂದೂವರೆ ಪುಟ ಮೀರಬೇಕಾಗಿಲ್ಲ. ಹೀಗೆ ಬರೆಯಬಹುದು:

‘ಮಾನ್ಯರೇ, ವಿಷಯ: ತಮ್ಮ ನೋಟಿಸಿಗೆ ಸಮಜಾಯಿಷಿ. ಉಲ್ಲೇಖ: ತಮ್ಮ ಕಚೇರಿಯ ಇಂಥ ಸಂಖ್ಯೆಯ, ಇಂಥ ದಿನಾಂಕದ ನೋಟಿಸು. ಸದರಿ ನೋಟಿಸು ನನಗೆ ಇಂಥ ದಿನ ತಲುಪಿರುತ್ತದೆ. ನೋಟಿಸಿನಲ್ಲಿ ಹೇಳಿರುವ ಸ್ಥಳ ಪರಿಶೀಲನೆ ನಡೆದಾಗ ನಾನಾಗಲಿ ನನ್ನ ಮನೆಯವರಾಗಲಿ ಹಾಜರಿರಲಿಲ್ಲ. ಪರಿಶೀಲನಾ ವರದಿಯ ಮತ್ತು ಫೋಟೊಗಳ ಪ್ರತಿಯನ್ನು ಒದಗಿಸಿ, ನನ್ನ ಸಮಕ್ಷಮ ಮರುಪರಿಶೀಲನೆ ನಡೆಸಿ, ಖುದ್ದು ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು, ಅಲ್ಲಿಯವರೆಗೆ ಮುಂದಿನ ಕ್ರಮವನ್ನು ತಡೆಹಿಡಿಯಬೇಕೆಂದು ಕೋರುತ್ತೇನೆ.’

ಇದರ ಕೆಳಗೆ ನಿಮ್ಮ ಸಂಗತಿಗಳನ್ನು ದಿನಾಂಕದ ಕ್ರಮದಲ್ಲಿ ಬರೆದು, ಪರವಾನಗಿ, ನಕ್ಷೆ, ತೆರಿಗೆ ರಸೀದಿಗಳ ನಕಲು ಲಗತ್ತಿಸಿ. ಪಕ್ಕದ ಮನೆಯವರೂ ಹೀಗೇ ಮಾಡಿದ್ದಾರೆಂಬ ಸಾಲನ್ನು ಬಿಟ್ಟುಬಿಡಿ. ಅದು ನಿಮ್ಮ ತಪ್ಪನ್ನು ಒಪ್ಪಿಕೊಂಡ ಹಾಗಾಗುತ್ತದೆ, ನೆರೆಯವರೊಂದಿಗೂ ಮಾತು ಕೆಡಿಸುತ್ತದೆ. ಪತ್ರವನ್ನು ಟಪಾಲು ವಿಭಾಗಕ್ಕೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕದೊಂದಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ‘ಸಾಹೇಬರು ಇಲ್ಲ, ನಾಳೆ ಬನ್ನಿ’ ಎಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿಬಿಡಿ. ಉತ್ತರವೇ ಬಾರದಿದ್ದರೆ, ಸಲ್ಲಿಸಿದ ಸಮಜಾಯಿಷಿಯ ಮೇಲೆ ಏನು ಕ್ರಮವಾಯಿತೆಂದು ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ ಕೊಡುವಂತೆ ಇನ್ನೊಂದು ಪತ್ರ ಬರೆಯಿರಿ. ಮುಂದೆ ಎಲ್ಲಿಗೆ ಹೋದರೂ ಈ ಮೊಹರು, ಈ ಹಿಂಬರಹಗಳೇ ನಿಮ್ಮ ಪರವಾಗಿ ಮಾತನಾಡುವುದು.

ದಂಡದ ದರ ಎಲ್ಲಿಂದ ಬಂತೆಂಬ ಅನುಮಾನವಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. ಉಪವಿಧಿ, ಅದರ ಮಂಜೂರಾತಿ ಆದೇಶ, ದಂಡದ ದರಪಟ್ಟಿ, ದಂಡ ವಿಧಿಸಿದ ಅಧಿಕಾರಿಗೆ ಅಧಿಕಾರ ಕೊಟ್ಟ ಆದೇಶ, ಇವುಗಳ ದೃಢೀಕೃತ ನಕಲು ಕೇಳಿ. ಉತ್ತರಕ್ಕೆ 30 ದಿನಗಳ ಅವಧಿಯಿದೆ. ಅರ್ಜಿ ಹಾಕಿದ್ದರಿಂದ ನೋಟಿಸಿನ ಗಡುವು ನಿಲ್ಲುವುದಿಲ್ಲ, ಆದ್ದರಿಂದ ಸಮಜಾಯಿಷಿಯನ್ನು ಅದಕ್ಕಾಗಿ ಕಾಯಿಸಬೇಡಿ.

ಆಸ್ತಿ ತೆರಿಗೆ ತಡವಾದದ್ದಕ್ಕೆ ಬೀಳುವ ದಂಡ ಬೇರೆಯದೇ ಬಗೆಯದು. ಅದು ತಿಂಗಳಿಗೆ ಶೇಕಡಾ 2ರ ಲೆಕ್ಕದಲ್ಲಿ ಬೆಳೆಯುತ್ತದೆ. ಅಲ್ಲಿ ವಾದಕ್ಕೆ ಜಾಗ ಕಡಿಮೆ, ಲೆಕ್ಕ ತಪ್ಪಿದ್ದರೆ ತಿದ್ದಿಸಿಕೊಳ್ಳಬಹುದಷ್ಟೆ. ಏಪ್ರಿಲ್ ತಿಂಗಳಲ್ಲಿ ಪೂರ್ತಿ ಕಟ್ಟಿದವರಿಗೆ ಸಿಗುವ ಶೇಕಡಾ 5ರ ರಿಯಾಯಿತಿಯನ್ನು ಬಿಟ್ಟುಕೊಡುವುದಕ್ಕೆ ಕಾರಣವೇ ಇಲ್ಲ.

ದಂಡ ಬೀಳಲೇಬೇಕಾದ ಕಡೆ ಬೀಳುತ್ತಿಲ್ಲವೆಂದು ದೂರು ಕೊಡುವವರಿಗೂ ಹೆಚ್ಚುಕಡಿಮೆ ಇದೇ ಕ್ರಮ. ಪೌರಕಾರ್ಮಿಕರ ಹತ್ತಿರ ಜಗಳವಾಡಿ ಪ್ರಯೋಜನವಿಲ್ಲ, ಅವರಿಗೆ ದಂಡ ಹಾಕುವ ಅಧಿಕಾರವಿಲ್ಲ. ಸ್ಥಳ, ಸಮಯ, ಫೋಟೊ ಸಮೇತ ಲಿಖಿತ ದೂರನ್ನು ಟಪಾಲಿಗೆ ಕೊಟ್ಟು ಮೊಹರು ಪಡೆಯಿರಿ. ಟ್ರ್ಯಾಕ್ಟರ್ ತಂದು ಸುರಿಯುವವರ ವಿಚಾರವಾದರೆ ವಾಹನದ ನಂಬರ್ ಕಾಣುವ ಒಂದು ಫೋಟೊ ಇರಲಿ, ಏಕೆಂದರೆ ಯಾರ ಹೆಸರಿಗೆ ನೋಟಿಸು ಬರೆಯಬೇಕೆಂದು ತಿಳಿಯದ ದೂರು ಕಡತದಲ್ಲೇ ಉಳಿಯುತ್ತದೆ.